ಮಾಟುಂಗಾದಲ್ಲಿ ಬಿಡಾರ, ಎರಡು ದಿನದ ಮುಂಬೈ

ಶುಕ್ರವಾರ

ಶನಿವಾರ-ಭಾನುವಾರ ಎರಡೇ ದಿನ ಕೈಯಲ್ಲಿಟ್ಟುಕೊಂಡು ಗಂಡ-ಹೆಂಡತಿ ಮುಂಬೈ ನೋಡಲು ಹೊರಟರೆ, ಅರ್ಧ ಪ್ರವಾಸ ಕೆಡುವುದು ರೂಮು ಬುಕ್ ಮಾಡುವಾಗಲೇ. ಕೆಲವರು ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಎಂದು ಕೊಲಾಬಾ ಹಿಡಿಯುತ್ತಾರೆ, ಅಲ್ಲಿ ದುಡ್ಡಿಗೆ ತಕ್ಕ ರೂಮು ಸಿಗುವುದು ಕಷ್ಟ. ಕೆಲವರು ವಿಮಾನ ನಿಲ್ದಾಣ ಹತ್ತಿರ ಎಂದು ಅಂಧೇರಿ ಹಿಡಿಯುತ್ತಾರೆ, ಆಮೇಲೆ ದಿನಕ್ಕೆ ಮೂರು ಗಂಟೆ ದಾರಿಯಲ್ಲೇ ಕಳೆಯುತ್ತದೆ. ಈ ಊರು ಅಗಲಕ್ಕೆ ಬೆಳೆದದ್ದಲ್ಲ, ಉದ್ದಕ್ಕೆ ಬೆಳೆದದ್ದು. ಮೂರೂ ಕಡೆ ಸಮುದ್ರ, ನಡುವೆ ದಕ್ಷಿಣದಿಂದ ಉತ್ತರಕ್ಕೆ ಚಾಚಿದ ನೆಲದ ಪಟ್ಟಿ, ಅದರ ಮೇಲೆ ಸಾಲಾಗಿ ಓಡುವ ರೈಲು ಹಳಿ. ಉಳಿಯುವ ಜಾಗ ಹಳಿಗಳು ಹತ್ತಿರ ಬರುವಲ್ಲಿ ಇರಬೇಕು.

ಅಂಥ ಜಾಗ ಮಾಟುಂಗಾ. ಸೆಂಟ್ರಲ್ ಲೈನಿನ ಮಾಟುಂಗಾ, ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್, ಹಾರ್ಬರ್ ಲೈನಿನ ಕಿಂಗ್ಸ್ ಸರ್ಕಲ್, ಈ ಮೂರು ಸ್ಟೇಷನ್ನುಗಳೂ ಕಾಲ್ನಡಿಗೆಯ ದೂರದಲ್ಲಿವೆ. ಒಂದು ಲೈನು ಕೈಕೊಟ್ಟರೆ ಇನ್ನೊಂದಿದೆ. ಮಾಟುಂಗಾದಲ್ಲೇ ಲಾಡ್ಜುಗಳು ಕಡಿಮೆ. ಸಿಗದಿದ್ದರೆ ದಾದರ್ ಪೂರ್ವದಲ್ಲಿ ನೋಡಿ, ಒಂದೇ ಸ್ಟೇಷನ್ನಿನ ಅಂತರ. ಬುಕ್ ಮಾಡುವಾಗ ಎರಡು ಮಾತು ಫೋನಿನಲ್ಲೇ ಕೇಳಿಕೊಳ್ಳಿ: ಬೆಳಿಗ್ಗೆ ಏಳಕ್ಕೆ ಬಂದರೆ ರೂಮು ಕೊಡುತ್ತಾರೆಯೇ, ಇಲ್ಲವೇ ಮಧ್ಯಾಹ್ನ ಹನ್ನೆರಡರವರೆಗೆ ಕಾಯಿಸುತ್ತಾರೆಯೇ, ಕೊನೆಯ ದಿನ ರೂಮು ಬಿಟ್ಟ ಮೇಲೆ ಬ್ಯಾಗು ಇಟ್ಟುಕೊಳ್ಳುತ್ತಾರೆಯೇ. ಗುರುತಿನ ಚೀಟಿ ಒಬ್ಬರದಿದ್ದರೆ ಸಾಲದು, ಇಬ್ಬರದೂ ಬೇಕು.

ಕರಾವಳಿಯವರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಇದ್ದೇ ಇದೆ. ಶುಕ್ರವಾರ ಮಧ್ಯಾಹ್ನ ಮಂಗಳೂರು ಸೆಂಟ್ರಲ್ ಬಿಟ್ಟು, ಉಡುಪಿ, ಕುಂದಾಪುರ, ಕಾರವಾರ ದಾಟಿ, ಮರುದಿನ ಬೆಳಿಗ್ಗೆ ಆರೂವರೆ ಸುಮಾರಿಗೆ ಲೋಕಮಾನ್ಯ ತಿಲಕ್ ಟರ್ಮಿನಸ್ ಸೇರುತ್ತದೆ. ಹುಬ್ಬಳ್ಳಿಯಿಂದ ಮಧ್ಯಾಹ್ನ ಹೊರಡುವ ಗಾಡಿಯೂ ಬೆಳಗಾಗುವ ಹೊತ್ತಿಗೆ ಮುಂಬೈಗೆ ಬರುತ್ತದೆ. ಬೆಂಗಳೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹೆಚ್ಚುಕಡಿಮೆ ಒಂದು ಪೂರ್ತಿ ದಿನ ತಿನ್ನುವುದರಿಂದ ವಾರಾಂತ್ಯದ ಲೆಕ್ಕಕ್ಕೆ ಹೊಂದುವುದಿಲ್ಲ. ಶುಕ್ರವಾರ ರಾತ್ರಿಯ ವಿಮಾನವೇ ವಾಸಿ. ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ. ಮತ್ಸ್ಯಗಂಧದ ಶುಕ್ರವಾರದ ಸೀಟು ತುಂಬುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ.

ತಿಲಕ್ ಟರ್ಮಿನಸ್ ಇರುವುದು ಕುರ್ಲಾದಲ್ಲಿ. ಹೊರಗೆ ಬಂದ ಕೂಡಲೇ ಆಟೊದವರು ಸುತ್ತುವರಿಯುತ್ತಾರೆ, ಆದರೆ ಆಟೊ ಮಾಟುಂಗಾಕ್ಕೆ ಬರುವಂತಿಲ್ಲ. ಪೂರ್ವದಲ್ಲಿ ಸಾಯನ್, ಪಶ್ಚಿಮದಲ್ಲಿ ಬಾಂದ್ರಾ, ಅಲ್ಲಿಂದ ದಕ್ಷಿಣಕ್ಕೆ ಆಟೊಗಳಿಗೆ ಪ್ರವೇಶವೇ ಇಲ್ಲ. ಆಟೊ ಹತ್ತಿದರೆ ಸಾಯನ್‌ನಲ್ಲಿ ಇಳಿಸಿ ಹೋಗುತ್ತದೆ, ಬ್ಯಾಗು ಹೊತ್ತು ಅಲ್ಲಿ ಟ್ಯಾಕ್ಸಿ ಹುಡುಕಬೇಕು. ಮೊದಲೇ ಕಪ್ಪು-ಹಳದಿ ಟ್ಯಾಕ್ಸಿ ಹಿಡಿಯಿರಿ. ಮೀಟರು ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿಂದ ಶುರುವಾಗುತ್ತದೆ, ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಕಾಲು ಭಾಗ ಹೆಚ್ಚು. ಸಾಮಾನು ಬೆನ್ನಿಗೆ ಹಾಕುವಷ್ಟೇ ಇದ್ದರೆ ಇನ್ನೂ ಒಳ್ಳೆಯ ದಾರಿಯುಂಟು: ಟರ್ಮಿನಸ್ಸಿಗೆ ಮೊದಲೇ ಬರುವ ಠಾಣೆ ಸ್ಟೇಷನ್ನಿನಲ್ಲೇ ಇಳಿದು ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆಯ ಫಾಸ್ಟ್ ಲೋಕಲ್ ಹತ್ತಿ ದಾದರ್. ಅಷ್ಟು ಬೆಳಿಗ್ಗೆ ನುಗ್ಗಾಟ ಇರುವುದಿಲ್ಲ. ವಿಮಾನದಲ್ಲಿ ಬಂದವರಿಗೆ ಈಗ ಭೂಗತ ಮೆಟ್ರೊ ಇದೆ. ಆರೆಯಿಂದ ಕಫ್ ಪರೇಡ್‌ವರೆಗಿನ ಮೂರನೇ ಮಾರ್ಗ 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆಯಿತು: ಸುಮಾರು 33 ಕಿಲೋಮೀಟರ್, 27 ಸ್ಟೇಷನ್, ಟಿಕೆಟ್ 10ರಿಂದ 70 ರೂಪಾಯಿ. ಟರ್ಮಿನಲ್ ಒಂದಕ್ಕೂ ಎರಡಕ್ಕೂ ಬೇರೆಬೇರೆ ಸ್ಟೇಷನ್ ಇವೆ. ಅಲ್ಲಿಂದ ದಾದರ್‌ಗೆ ನೇರ ಗಾಡಿ.

ಶನಿವಾರ

ಮಾಟುಂಗಾ ಬೇಗ ಏಳುವ ಬಡಾವಣೆ. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಮಲ್ಲಿಗೆ, ಕನಕಾಂಬರ ಕಟ್ಟುವ ಅಂಗಡಿಗಳು, ಮಾರ್ಕೆಟ್ಟಿನಲ್ಲಿ ಬಾಳೆಲೆಯ ಕಟ್ಟು, ಮಂಗಳೂರು ಸೌತೆ, ನುಗ್ಗೆ. ಬೇರೆ ಊರಿನಲ್ಲಿದ್ದೇವೆ ಎಂಬುದು ಅರೆಕ್ಷಣ ಮರೆತುಹೋಗುತ್ತದೆ. ಈ ಸ್ಟೇಷನ್ನಿಗೆ ಇನ್ನೊಂದು ಹೆಗ್ಗಳಿಕೆಯಿದೆ: 2017ರಿಂದ ಸ್ಟೇಷನ್ ಮಾಸ್ತರರಿಂದ ಹಿಡಿದು ಟಿಕೆಟ್ ಪರೀಕ್ಷಕರವರೆಗೆ ಎಲ್ಲರೂ ಮಹಿಳೆಯರು, ದೇಶದಲ್ಲಿ ಹಾಗೆ ನಡೆದ ಮೊದಲ ಸ್ಟೇಷನ್ ಇದೇ.

ತಿಂಡಿಗೆ ಸ್ಟೇಷನ್ ಪಕ್ಕದ ರಾಮ್ ಆಶ್ರಯ ಬೆಳಗಿನ ಜಾವಕ್ಕೇ ತೆರೆದಿರುತ್ತದೆ. ಕಿಂಗ್ಸ್ ಸರ್ಕಲ್ ಕಡೆಗೆ ಹೋದರೆ ಕೆಫೆ ಮದ್ರಾಸ್, ಕೆಫೆ ಮೈಸೂರು. ಹೆಸರು ಮದ್ರಾಸ್ ಎಂದಿದ್ದರೂ ಈ ಹೋಟೆಲುಗಳನ್ನು ಕಟ್ಟಿದವರು ದಕ್ಷಿಣ ಕನ್ನಡದಿಂದ ಬಂದವರು. ಶನಿವಾರ ಎಂಟು ದಾಟಿದರೆ ಬಾಗಿಲ ಹೊರಗೆ ಹೆಸರು ಬರೆಸಿ ನಿಲ್ಲಬೇಕು. ಏಳಕ್ಕೆ ಹೋದರೆ ನೇರ ಮೇಜು. ಇಲ್ಲಿ ಮೇಜು ಹಂಚಿಕೊಳ್ಳುವುದು ರೂಢಿ, ಎದುರಿಗೆ ಅಪರಿಚಿತರು ಬಂದು ಕೂತರೆ ಮುಜುಗರ ಬೇಡ.

ಈ ದಿನದ ಮುಖ್ಯ ಕೆಲಸ ಎಲಿಫೆಂಟಾ ದ್ವೀಪದ ಗುಹೆಗಳು. ಶನಿವಾರವೇ ಏಕೆಂದರೆ ಭಾನುವಾರ ದೋಣಿಗೂ ಗುಹೆಗೂ ಎರಡು ಪಾಲು ಜನ, ಸೋಮವಾರ ಗುಹೆಗೆ ಬೀಗ. ಮೊದಲ ದೋಣಿ ಗೇಟ್‌ವೇಯಿಂದ ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಅದನ್ನು ಹಿಡಿಯಬೇಕಾದರೆ ಏಳೂಮುಕ್ಕಾಲಕ್ಕೆ ಮಾಟುಂಗಾದಲ್ಲಿ ಲೋಕಲ್ ಹತ್ತಿರಬೇಕು.

ಲೋಕಲ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಸಬರು ಹೆದರುವುದೂ ಎಡವುವುದೂ ಇಲ್ಲಿಯೇ.

ಟಿಕೆಟ್ಟು ಸೆಕೆಂಡ್ ಕ್ಲಾಸಿಗೆ ಸಿಎಸ್‌ಎಂಟಿವರೆಗೆ ಐದು-ಹತ್ತು ರೂಪಾಯಿ. ರೈಲ್ವೆಯ ರೈಲ್‌ಒನ್ ಆ್ಯಪ್‌ನಲ್ಲಿ ತೆಗೆಯಬಹುದು, ಆದರೆ ಸ್ಟೇಷನ್ನಿನ ಹೊರಗೆ ನಿಂತೇ ತೆಗೆಯಬೇಕು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಒತ್ತಿದರೆ ಫೋನಿನ ಜಿಪಿಎಸ್ ಹಳಿಯ ಪಕ್ಕ ಇದ್ದೀರಿ ಎಂದು ತಿಳಿದು ಟಿಕೆಟ್ ಕೊಡುವುದಿಲ್ಲ.  ಗಂಡ-ಹೆಂಡತಿ ಇಬ್ಬರ ಟಿಕೆಟ್ಟನ್ನೂ ಒಂದೇ ಚೀಟಿಯಲ್ಲಿ ತೆಗೆಯಬೇಡಿ. ಗದ್ದಲದಲ್ಲಿ ಒಬ್ಬರು ಮಹಿಳಾ ಡಬ್ಬಿಗೆ, ಒಬ್ಬರು ಜನರಲ್ ಡಬ್ಬಿಗೆ ಹತ್ತಿದರೆ, ಚೀಟಿ ಇಲ್ಲದವರು ಟಿಕೆಟ್ ಇಲ್ಲದವರೇ ಆಗುತ್ತಾರೆ. ಎಸಿ ಲೋಕಲ್‌ಗೆ ಟಿಕೆಟ್ ಬೇರೆ. ಸಾದಾ ಟಿಕೆಟ್ಟಿನಲ್ಲಿ ತಂಪಾಗಿದೆ ಎಂದು ಹತ್ತಿದರೆ ದಂಡ ಖಂಡಿತ.

ಸ್ಲೋ ಗಾಡಿ ಎಲ್ಲಾ ಕಡೆ ನಿಲ್ಲುತ್ತದೆ, ಫಾಸ್ಟ್ ಗಾಡಿ ದೊಡ್ಡ ಸ್ಟೇಷನ್ನುಗಳಲ್ಲಿ ಮಾತ್ರ. ಮಾಟುಂಗಾದಲ್ಲಿ ಫಾಸ್ಟ್ ನಿಲ್ಲುವುದಿಲ್ಲ. ಹೋಗುವಾಗ ಇದರಿಂದ ತೊಂದರೆಯಿಲ್ಲ, ಇಲ್ಲಿ ನಿಂತದ್ದೆಲ್ಲ ಸ್ಲೋ ಗಾಡಿಯೇ. ತೊಂದರೆ ಬರುವುದು ಸಂಜೆ ಮರಳುವಾಗ. ಸಿಎಸ್‌ಎಂಟಿಯಲ್ಲಿ ಕಣ್ಣಿಗೆ ಬಿದ್ದ ಗಾಡಿ ಹತ್ತಿದರೆ ದಾದರ್ ಬಿಟ್ಟ ಮೇಲೆ ಸೀದಾ ಕುರ್ಲಾಕ್ಕೋ ಘಾಟ್‌ಕೋಪರ್‌ಗೋ ಒಯ್ದುಬಿಡುತ್ತದೆ. ಇಂಡಿಕೇಟರಿನಲ್ಲಿ ಎಸ್ ಎಂದಿದೆಯೋ ಎಫ್ ಎಂದಿದೆಯೋ ಓದಿಯೇ ಹತ್ತಬೇಕು. ದಾದರ್‌ನಲ್ಲಿ ಗಾಡಿ ಬದಲಿಸುವವರಿಗೆ ಇನ್ನೊಂದು ಗುರುತು: 2023ರ ಡಿಸೆಂಬರಿನಿಂದ ಪ್ಲಾಟ್‌ಫಾರ್ಮಿನ ಅಂಕಿ ಬದಲಾಗಿದೆ. 1ರಿಂದ 7 ವೆಸ್ಟರ್ನ್ ಲೈನ್, 8ರಿಂದ 14 ಸೆಂಟ್ರಲ್. ಹಳೆಯ ನೆನಪಿನವರು ಈಗಲೂ ಹಳೆಯ ನಂಬರೇ ಹೇಳುತ್ತಾರೆ, ಆದ್ದರಿಂದ ಫಲಕವನ್ನೇ ನಂಬಿ.

ಬೇರೆಬೇರೆ ಡಬ್ಬಿಯಲ್ಲಿ ಹೋಗುವುದಾದರೆ ಹತ್ತುವ ಮುಂಚೆಯೇ ಒಂದು ಒಪ್ಪಂದವಿರಲಿ: ಇಂಥ ಸ್ಟೇಷನ್, ಇಳಿದ ಮೇಲೆ ಇಂಥ ಸೇತುವೆಯ ಮೆಟ್ಟಿಲ ಬುಡ. ಒಬ್ಬರಿಗೆ ಹತ್ತಲಾಗದಿದ್ದರೆ ಹತ್ತಿದವರು ನಡುವೆ ಇಳಿಯಬಾರದು. ಹೇಳಿದ ಸ್ಟೇಷನ್ನಿಗೇ ಹೋಗಿ ಕಾಯಬೇಕು, ಉಳಿದವರು ಮುಂದಿನ ಗಾಡಿಯಲ್ಲಿ ಬರುತ್ತಾರೆ. ನಾಲ್ಕೈದು ನಿಮಿಷದ ಮಾತು. ನಡುವೆ ಇಳಿದು ಹುಡುಕತೊಡಗಿದರೆ ಅರ್ಧ ಗಂಟೆ. ಬ್ಯಾಗು ಎದೆಗೆ ಹಾಕಿಕೊಳ್ಳಿ, ಹಿಂದಿನ ಜೇಬಿನಲ್ಲಿ ಪರ್ಸು ಬೇಡ. ಗಾಳಿ ಚೆನ್ನಾಗಿದೆ ಎಂದು ಬಾಗಿಲಲ್ಲಿ ನಿಲ್ಲುವುದು ಬೇಡವೇ ಬೇಡ, ಆ ಬಾಗಿಲಲ್ಲಿ ಜೀವ ಹೋದವರು ಈ ಊರಿನಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಇಳಿಯುವ ಸ್ಟೇಷನ್ನಿಗೆ ಒಂದು ನಿಲ್ದಾಣ ಮೊದಲೇ ಎದ್ದು ಬಾಗಿಲ ಕಡೆ ಸರಿಯಿರಿ. ಮುಂದಿನವರನ್ನು "ದಾದರ್?" ಎಂದು ಕೇಳಿದರೆ ಸಾಕು, ಹೌದೆಂದರೆ ಅವರ ಬೆನ್ನ ಹಿಂದೆ ನಿಲ್ಲಬೇಕು, ಅಲ್ಲವೆಂದರೆ ದಾಟಿ ಮುಂದೆ ಹೋಗಬೇಕು.

ಸಿಎಸ್‌ಎಂಟಿಯಿಂದ ಗೇಟ್‌ವೇಗೆ ಎರಡೂವರೆ ಕಿಲೋಮೀಟರ್. ಬೆಳಗಿನ ಹೊತ್ತು ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ಗೇಟ್‌ವೇ ಬಳಿ ಭದ್ರತಾ ತಪಾಸಣೆಯ ಸಾಲು ಇದೆ, ಅದಕ್ಕೊಂದು ಹದಿನೈದು ನಿಮಿಷ ಇಟ್ಟುಕೊಳ್ಳಿ. ದೋಣಿಯ ಟಿಕೆಟ್ಟನ್ನು ಕೌಂಟರಿನಲ್ಲೇ ಕೊಳ್ಳಿ, ಹೋಗಿಬರುವುದಕ್ಕೆ ಇಬ್ಬರಿಗೂ ಸೇರಿ ಐನೂರು-ಆರುನೂರು ರೂಪಾಯಿಯ ಆಸುಪಾಸು. ಮೇಲಿನ ಅಟ್ಟಕ್ಕೆ ಹೋಗುವುದಾದರೆ ದೋಣಿಯಲ್ಲೇ ಇನ್ನಷ್ಟು ಚಿಲ್ಲರೆ ಕೇಳುತ್ತಾರೆ. ಲೈಫ್ ಜಾಕೆಟ್ ಕೊಟ್ಟದ್ದನ್ನು ತೊಡೆಯ ಮೇಲೆ ಇಟ್ಟುಕೊಳ್ಳದೆ ಹಾಕಿಕೊಳ್ಳಿ. ಒಂದು ಗಂಟೆಯ ಹಾದಿ. ಮೊದಲು ಬರುವುದು ನೌಕಾಪಡೆಯ ಹಡಗುಕಟ್ಟೆ, ಅದರ ಫೋಟೊ ತೆಗೆಯಬಾರದು. ಮಳೆಗಾಲದಲ್ಲಿ ಸಮುದ್ರ ಕೆರಳಿದರೆ ದೋಣಿಗಳೇ ನಿಲ್ಲುತ್ತವೆ. ನವೆಂಬರಿನಿಂದ ಫೆಬ್ರುವರಿಯೇ ಇದಕ್ಕೆ ಸರಿಯಾದ ಕಾಲ.

ದ್ವೀಪದ ಸ್ವಂತ ಹೆಸರು ಘಾರಾಪುರಿ. ಪೋರ್ಚುಗೀಸರು ಇಲ್ಲಿದ್ದ ಕಲ್ಲಿನ ಆನೆಯನ್ನು ನೋಡಿ ಎಲಿಫೆಂಟಾ ಎಂದರು. ಆ ಆನೆ ಈಗ ದ್ವೀಪದಲ್ಲಿಲ್ಲ, ಭಾಯ್ಖಳಾದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಅಂಗಳದಲ್ಲಿದೆ. ಕಟ್ಟೆಯಿಂದ ಗುಡ್ಡದ ಬುಡದವರೆಗೆ ಪುಟ್ಟ ರೈಲು ಓಡುತ್ತದೆ, ನಡೆದರೂ ದೂರವೇನಲ್ಲ. ಪಂಚಾಯಿತಿಯ ಸಣ್ಣ ತೆರಿಗೆ ಕಟ್ಟಿ ಮೆಟ್ಟಿಲು ಹತ್ತಬೇಕು, ನೂರಿಪ್ಪತ್ತರಷ್ಟು. ಎರಡೂ ಪಕ್ಕ ಸರ, ಮೂರ್ತಿ ಮಾರುವ ಅಂಗಡಿಗಳು. ಹತ್ತುವಾಗ ನಿಲ್ಲಬೇಡಿ, ಇಳಿಯುವಾಗ ನೋಡಿ. ಮಂಗಗಳು ಕೈಯಲ್ಲಿರುವ ಬಾಟಲಿ, ಜೋಳ, ಚಿಪ್ಸು ಯಾವುದನ್ನೂ ಬಿಡುವುದಿಲ್ಲ. ತಿನ್ನುವುದೆಲ್ಲ ಬ್ಯಾಗಿನೊಳಗೆ ಇರಲಿ. ಪುರಾತತ್ವ ಇಲಾಖೆಯ ಟಿಕೆಟ್ ಭಾರತೀಯರಿಗೆ ತಲಾ 40 ರೂಪಾಯಿ.

ಒಂದನೇ ಗುಹೆಗೇ ಒಂದೂವರೆ ಗಂಟೆ ಕೊಡಿ. ಉಳಿದ ಗುಹೆಗಳಿಗೆ ಅರ್ಧ ಗಂಟೆ ಸಾಕು. ಬಹಳ ಮಂದಿ ತ್ರಿಮೂರ್ತಿಯ ಮುಂದೆ ಫೋಟೊ ತೆಗೆಸಿಕೊಂಡು ಇಪ್ಪತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ, ಅದು ಈ ಜಾಗಕ್ಕೆ ಮಾಡುವ ಅನ್ಯಾಯ. ಒಳಗೆ ಹೋಗಿ ಕಂಬದ ಪಕ್ಕ ಐದು ನಿಮಿಷ ಸುಮ್ಮನೆ ನಿಲ್ಲಿ. ಬಾಗಿಲು ಉತ್ತರಕ್ಕೆ, ತ್ರಿಮೂರ್ತಿ ಎನ್ನುವ ಆ ಸದಾಶಿವ ಇರುವುದು ದಕ್ಷಿಣದ ಗೋಡೆಯಲ್ಲಿ. ಬಿಸಿಲು ನೇರವಾಗಿ ಬೀಳುವುದಿಲ್ಲ, ಹೊರಗಿನ ಬೆಳಕು ಕಂಬಗಳ ನಡುವೆ ಸೋಸಿಕೊಂಡು ಬರುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಸುಮಾರು ಇಪ್ಪತ್ತು ಅಡಿಯ ಆ ಮೂರು ಮುಖ ಕತ್ತಲಿನಿಂದ ಮೆಲ್ಲಗೆ ಮುಂದೆ ಬಂದಂತೆ ಕಾಣುತ್ತದೆ. ತ್ರಿಮೂರ್ತಿ ಎಂದು ಕರೆದರೂ ಇದು ಬ್ರಹ್ಮ-ವಿಷ್ಣು-ಮಹೇಶ್ವರರಲ್ಲ, ಮೂರೂ ಶಿವನವೇ. ನಮ್ಮ ಎಡಕ್ಕೆ ಮೀಸೆಯ ಉಗ್ರ ಅಘೋರ, ನಡುವೆ ಶಾಂತ ತತ್ಪುರುಷ, ಬಲಕ್ಕೆ ಹೆಣ್ಣಿನ ಲಾಲಿತ್ಯದ ವಾಮದೇವ. ಅದರ ಎಡಬದಿಯ ಅಂಕಣದಲ್ಲಿ ಅರ್ಧನಾರೀಶ್ವರ, ಬಲಬದಿಯಲ್ಲಿ ಗಂಗಾಧರ. ಉತ್ತರದ ಬಾಗಿಲಿನಿಂದ ಒಳಗೆ ಬರುವಾಗ ಬಲಕ್ಕೆ ನಟರಾಜ, ಎಡಕ್ಕೆ ಯೋಗೀಶ್ವರ. ಪೂರ್ವದ ಕಡೆ ಕೈಲಾಸ ಎತ್ತುವ ರಾವಣ, ಪಶ್ಚಿಮದ ಕಡೆ ಶಿವ-ಪಾರ್ವತಿಯರ ಮದುವೆ ಮತ್ತು ಅಂಧಕಾಸುರ ವಧೆ.

ಬಾದಾಮಿಯ ಒಂದನೇ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ನೋಡಿದವರು ಇಲ್ಲಿನ ನಟರಾಜನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಅದು ಕೆಂಪು ಮರಳುಗಲ್ಲು, ಇದು ಗಡುಸಾದ ಬಸಾಲ್ಟ್. ಎರಡೂ ಆರನೆಯ ಶತಮಾನದ ಆಸುಪಾಸಿನವು. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನ, ಎರಡನೇ ಪುಲಕೇಶಿಯು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿ ಎಂಬ ನಗರವನ್ನು ನೂರಾರು ಹಡಗುಗಳಿಂದ ಮುತ್ತಿದ ಎನ್ನುತ್ತದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ಗುಹೆಯಲ್ಲೇ ಇದ್ದ ಶಿಲಾಶಾಸನವೊಂದನ್ನು ಪೋರ್ಚುಗೀಸರು ಕಿತ್ತು ತಮ್ಮ ದೇಶಕ್ಕೆ ಸಾಗಿಸಿದರು, ಅದು ಕಳೆದೇಹೋಯಿತು. ಇದನ್ನು ಯಾರು ಕಟ್ಟಿಸಿದರು ಎಂಬ ಪ್ರಶ್ನೆಗೆ ಉತ್ತರವೂ ಅದರೊಂದಿಗೇ ಹೋಗಿರಬಹುದು. ಮುರಿದ ಕೈಕಾಲುಗಳನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಒಂದು ಗಂಟೆಯ ಹೊತ್ತಿಗೆ ಇಳಿದು ದೋಣಿ ಹತ್ತಿದರೆ ಎರಡೂಕಾಲಕ್ಕೆ ಗೇಟ್‌ವೇ. ದ್ವಾರವನ್ನು ಈಗ ನಿಧಾನವಾಗಿ ನೋಡಬಹುದು: ಜಾರ್ಜ್ ವಿಟೆಟ್ ರೂಪಿಸಿದ್ದು, 1911ರ ರಾಜಭೇಟಿಯ ನೆನಪಿಗೆ ಶುರುವಾಗಿ 1924ರಲ್ಲಿ ಮುಗಿದದ್ದು, ಎತ್ತರ 26 ಮೀಟರ್. ರಾಜನನ್ನು ಸ್ವಾಗತಿಸಲು ಕಟ್ಟಿದ ಇದೇ ಕಮಾನಿನಡಿಯಿಂದ 1948ರ ಫೆಬ್ರುವರಿ 28ರಂದು ಕೊನೆಯ ಬ್ರಿಟಿಷ್ ತುಕಡಿ ಹಡಗು ಹತ್ತಿ ಹೊರಟುಹೋಯಿತು.

ಮೀನು ತಿನ್ನುವವರಾದರೆ ಊಟಕ್ಕೆ ಫೋರ್ಟಿಗೆ ಬನ್ನಿ. ಮಂಗಳೂರು ಕಡೆಯವರ ಮೀನಿನ ಹೋಟೆಲುಗಳು ಇಲ್ಲಿನ ಗಲ್ಲಿಗಳಲ್ಲಿವೆ. ನೀರುದೋಸೆ, ಗಸಿ, ಕಾಣೆ ಫ್ರೈ. ಏಡಿ, ಅಂಜಲ್ ಮುಂತಾದವಕ್ಕೆ ಮೆನುವಿನಲ್ಲಿ ದರ ಬರೆಯದೆ ಗಾತ್ರಕ್ಕೆ ತಕ್ಕಂತೆ ಎಂದಿರುತ್ತದೆ, ಆರ್ಡರ್ ಕೊಡುವ ಮುಂಚೆ ಕೇಳಿ. ಮೂರಕ್ಕೆ ಅಡುಗೆಮನೆ ಮುಚ್ಚುವ ಹೋಟೆಲುಗಳೂ ಇವೆ, ಆದ್ದರಿಂದ ಗೇಟ್‌ವೇಯಲ್ಲಿ ಬಹಳ ಹೊತ್ತು ಬೇಡ. ಆಮೇಲೆ ಕಾಲಿಗೆ ಶಕ್ತಿಯಿದ್ದರೆ ವಿಟೆಟ್ಟನೇ ರೂಪಿಸಿದ ಛತ್ರಪತಿ ಶಿವಾಜಿ ವಸ್ತು ಸಂಗ್ರಹಾಲಯ, ಆರಕ್ಕೆ ಮುಚ್ಚುತ್ತದೆ.

ಸೂರ್ಯಾಸ್ತಕ್ಕೆ ಮರೀನ್ ಡ್ರೈವ್. ಚಳಿಗಾಲದಲ್ಲಿ ಆರು-ಆರೂವರೆಗೆಲ್ಲ ಸೂರ್ಯ ಮುಳುಗುವುದರಿಂದ ಐದೂವರೆಗೆ ನಾರಿಮನ್ ಪಾಯಿಂಟ್ ತುದಿಯಲ್ಲಿ ಕೂತಿರಬೇಕು. ಕತ್ತಲಾದ ಮೇಲೆ ದಡದ ಕಟ್ಟೆಯುದ್ದಕ್ಕೂ ಉತ್ತರಕ್ಕೆ ನಡೆಯಿರಿ, ಮುಕ್ಕಾಲು ಗಂಟೆಯಲ್ಲಿ ಗಿರ್ಗಾಂವ್ ಚೌಪಾಟಿ. ಭೇಲ್ ತಿಂದು ಚರ್ನಿ ರೋಡ್ ಸ್ಟೇಷನ್ನಿನಿಂದ ಸ್ಲೋ ಗಾಡಿ ಹಿಡಿದರೆ ಮಾಟುಂಗಾ ರೋಡ್. ಎಂಟೂವರೆಗೆ ಮೊದಲು ಹತ್ತಬೇಡಿ. ಕೆಲಸ ಮುಗಿಸಿ ಮನೆಗೆ ಹೋಗುವವರ ದಂಡು ಅಷ್ಟು ಹೊತ್ತಿಗೆ ಇಳಿದಿರುತ್ತದೆ.

ಭಾನುವಾರ

ಭಾನುವಾರದ ಮುಂಬೈಗೆ ಒಂದು ಹೆಸರಿದೆ: ಮೆಗಾ ಬ್ಲಾಕ್. ಹಳಿಯ ದುರಸ್ತಿಗೆಂದು ಬೆಳಿಗ್ಗೆ ಹತ್ತೂವರೆ-ಹನ್ನೊಂದರಿಂದ ಮಧ್ಯಾಹ್ನ ಮೂರೂವರೆ-ನಾಲ್ಕರವರೆಗೆ ಕೆಲವು ಲೈನುಗಳಲ್ಲಿ ಓಡಾಟ ನಿಲ್ಲಿಸುತ್ತಾರೆ. ಸ್ಲೋ ಗಾಡಿ ಫಾಸ್ಟ್ ಹಳಿಗೆ ಹೋಗುತ್ತದೆ, ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲುವುದಿಲ್ಲ, ಹಾರ್ಬರ್ ಲೈನಿನ ಒಂದಷ್ಟು ಭಾಗ ಪೂರ್ತಿ ಬಂದ್. ಎಲ್ಲಿ, ಯಾವ ಹೊತ್ತು ಎಂಬುದನ್ನು ರೈಲ್ವೆ ಶುಕ್ರವಾರ-ಶನಿವಾರವೇ ಪ್ರಕಟಿಸುತ್ತದೆ. ಭಾನುವಾರ ಇರುವ ಗಾಡಿಗಳೂ ಕಡಿಮೆ. ಆದ್ದರಿಂದ ಈ ದಿನದ ಸೂತ್ರ: ಹತ್ತೂವರೆಯೊಳಗೆ ಲೋಕಲ್ ಕೆಲಸ ಮುಗಿಸುವುದು, ಆಮೇಲೆ ಮೆಟ್ರೊ ಅಥವಾ ಟ್ಯಾಕ್ಸಿ. ಮೂರನೇ ಮಾರ್ಗದ ಮೆಟ್ರೊಗೆ ಈ ಬ್ಲಾಕಿನ ಕಾಟವಿಲ್ಲ. ಸುರಂಗದೊಳಗೆ ಫೋನ್ ಸಿಗ್ನಲ್ ಕೈಕೊಡುವುದುಂಟು, ಟಿಕೆಟ್ ಮೇಲಿರುವಾಗಲೇ ತೆಗೆದಿಟ್ಟುಕೊಳ್ಳಿ.

ಫೋರ್ಟನ್ನು ಭಾನುವಾರಕ್ಕೆ ಉಳಿಸಿಕೊಂಡದ್ದಕ್ಕೆ ಕಾರಣವುಂಟು. ಉಳಿದ ದಿನ ಆಫೀಸಿನ ಜನ, ಟ್ಯಾಕ್ಸಿ, ಫುಟ್‌ಪಾತಿನ ವ್ಯಾಪಾರದ ನಡುವೆ ತಲೆಯೆತ್ತಿ ನೋಡಲು ಸಾಧ್ಯವಿಲ್ಲ. ಈ ಕಟ್ಟಡಗಳ ಸೊಬಗೆಲ್ಲ ತಲೆಯೆತ್ತಿದರೇ ಕಾಣುವುದು. ಭಾನುವಾರ ಬೆಳಿಗ್ಗೆ ಏಳಕ್ಕೆ ರಸ್ತೆ ನಡುವೆ ನಿಂತರೂ ಹಾರ್ನ್ ಹೊಡೆಯುವವರಿಲ್ಲ.

ಸಿಎಸ್‌ಎಂಟಿಯಿಂದ ಹೊರಬಂದು ರಸ್ತೆ ದಾಟಿ ಹಿಂತಿರುಗಿ ನೋಡಿ. ಎಫ್. ಡಬ್ಲ್ಯು. ಸ್ಟೀವನ್ಸ್ 1878ರಲ್ಲಿ ಶುರುಮಾಡಿದ ಕಟ್ಟಡ, ಮುಗಿಯಲು ಹತ್ತು ವರ್ಷ ಹಿಡಿಯಿತು. ಗುಮ್ಮಟದ ತುದಿಯಲ್ಲಿ ಪ್ರಗತಿಯ ಮೂರ್ತಿ, ಒಂದು ಕೈಯಲ್ಲಿ ಪಂಜು, ಇನ್ನೊಂದು ಚಕ್ರದ ಮೇಲೆ. ಗೇಟಿನ ಕಂಬಗಳ ಮೇಲೆ ಬ್ರಿಟನ್ನಿಗೆ ಸಿಂಹ, ಭಾರತಕ್ಕೆ ಹುಲಿ. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಠಾಣೆಗೆ ಹೊರಟದ್ದು ಈ ಪರಿಸರದ ಬೋರಿಬಂದರಿನಿಂದಲೇ, ದೂರ 34 ಕಿಲೋಮೀಟರ್. ಎದುರಿನ ಮಹಾನಗರ ಪಾಲಿಕೆಯ ಕಟ್ಟಡವೂ ಸ್ಟೀವನ್ಸನದೇ, 1893ರದ್ದು.

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ನೆರಳಿನಲ್ಲಿ ಹುತಾತ್ಮ ಚೌಕದವರೆಗೆ ನಡೆಯಬೇಕು. 1864ರ ಫ್ಲೋರಾ ಕಾರಂಜಿಯ ಪಕ್ಕದಲ್ಲಿ ಸಂಯುಕ್ತ ಮಹಾರಾಷ್ಟ್ರಕ್ಕಾಗಿ ಪ್ರಾಣ ಕೊಟ್ಟವರ ಸ್ಮಾರಕ. ನಮಗೂ ಇದು ನಂಟಿರುವ ಜಾಗ. 1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬೈ ರಾಜ್ಯಕ್ಕೇ ಸೇರಿದ್ದವು. ಓವಲ್ ಮೈದಾನದ ಅಂಚಿಗೆ ಬಂದರೆ ಅದೇ ನಂಟು ಕಲ್ಲಿನಲ್ಲಿ ನಿಂತಿದೆ. 1878ರಲ್ಲಿ ಮುಗಿದ ಹೈಕೋರ್ಟಿಗೆ ಧಾರವಾಡದ ಅಪೀಲುಗಳು ಬರುತ್ತಿದ್ದವು. ಪಕ್ಕದ ವಿಶ್ವವಿದ್ಯಾಲಯಕ್ಕೆ, ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೂ, ಧಾರವಾಡದ ಕರ್ನಾಟಕ ಕಾಲೇಜು ಸೇರಿತ್ತು. ಅಲ್ಲಿನ 85 ಮೀಟರಿನ ರಾಜಾಬಾಯಿ ಗೋಪುರಕ್ಕೆ ಹಣ ಕೊಟ್ಟ ಪ್ರೇಮಚಂದ್ ರಾಯ್‌ಚಂದ್ ಅದಕ್ಕೆ ತನ್ನ ತಾಯಿಯ ಹೆಸರಿಟ್ಟ.

ಓವಲ್‌ನ ನಡುವೆ ನಿಂತು ಎರಡೂ ಕಡೆ ನೋಡಿ. ಪೂರ್ವಕ್ಕೆ ಚೂಪು ಕಮಾನಿನ ವಿಕ್ಟೋರಿಯನ್ ಗಾಥಿಕ್ ಸಾಲು. ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೊ ಮನೆಗಳು, ದುಂಡನೆಯ ಬಾಲ್ಕನಿ, ಕಿಟಕಿಯ ಮೇಲೆ ಹುಬ್ಬಿನಂತೆ ಬಾಗಿದ ಸಜ್ಜೆ. ಆ ಮನೆಗಳು ಎದ್ದದ್ದು ಸಮುದ್ರ ತುಂಬಿಸಿ ಪಡೆದ ನೆಲದ ಕಡೆಗೆ. ಎರಡೂ ಸಾಲುಗಳನ್ನು ಸೇರಿಸಿ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಹಾಕಿದರು. ನಡುವಿನ ಹುಲ್ಲಿನಲ್ಲಿ ಬೆಳಗಿನಿಂದಲೇ ಹತ್ತಾರು ಕ್ರಿಕೆಟ್ ಆಟ ಒಂದರೊಳಗೊಂದು ಸೇರಿಕೊಂಡು ನಡೆದಿರುತ್ತವೆ, ದಾಟುವಾಗ ಚೆಂಡಿನ ಮೇಲೆ ಕಣ್ಣಿರಲಿ. ಇಷ್ಟಕ್ಕೆ ಎರಡೂವರೆ ಗಂಟೆ, ಮೂರು ಕಿಲೋಮೀಟರ್ ನಡಿಗೆ.

ಒಂಬತ್ತೂಮುಕ್ಕಾಲಕ್ಕೆ ಚರ್ಚ್‌ಗೇಟ್‌ನಿಂದ ಸ್ಲೋ ಗಾಡಿಯಲ್ಲಿ ಗ್ರಾಂಟ್ ರೋಡ್, ಬ್ಲಾಕಿಗೆ ಮೊದಲಿನ ಕೊನೆಯ ಲೋಕಲ್ ಪ್ರಯಾಣ ಇದು. ಗಾಮ್‌ದೇವಿಯ ಲ್ಯಾಬರ್ನಮ್ ರಸ್ತೆಯ ಮಣಿ ಭವನದಲ್ಲಿ 1917ರಿಂದ 1934ರವರೆಗೆ ಗಾಂಧೀಜಿ ಮುಂಬೈಗೆ ಬಂದಾಗೆಲ್ಲ ಉಳಿಯುತ್ತಿದ್ದರು. ಪ್ರವೇಶ ಉಚಿತ. ಎರಡನೇ ಮಹಡಿಯ ಅವರ ಕೋಣೆಯಲ್ಲಿ ಹಾಸಿಗೆ, ಚರಕ, ಮತ್ತೇನೂ ಇಲ್ಲವೆಂಬಷ್ಟು ಖಾಲಿ. ಆ ಖಾಲಿತನವನ್ನು ನೋಡಲೆಂದೇ ಬರಬೇಕು.

ರಾತ್ರಿಯ ರೈಲಿನವರು ಇಲ್ಲಿಂದ ಟ್ಯಾಕ್ಸಿಯಲ್ಲಿ ವಾಲ್ಕೇಶ್ವರದ ಬಾಣಗಂಗಾಕ್ಕೆ ಹೋಗಬಹುದು. ಮಲಬಾರ್ ಹಿಲ್‌ನ ಗಗನಚುಂಬಿಗಳ ಬುಡದಲ್ಲಿ ಮೆಟ್ಟಿಲುಗಳ ಕೆರೆ, ಸುತ್ತ ಗುಡಿಗಳು, ಕರಾವಳಿಯ ಸಾರಸ್ವತರಿಗೆ ಪರಿಚಿತವಾದ ಕಾಶಿ ಮಠ. ಶಿಲಾಹಾರರ ಮಂತ್ರಿಯೊಬ್ಬ 1127ರಲ್ಲಿ ಕಟ್ಟಿಸಿದನೆಂದು ಹೇಳುವ ಈ ಕೆರೆಯನ್ನು 1715ರಲ್ಲಿ ರಾಮ ಕಾಮತ್ ಕೊಟ್ಟ ಹಣದಿಂದ ಮತ್ತೆ ಕಟ್ಟಿದರು. ಮತ್ಸ್ಯಗಂಧದವರಿಗೆ ಬಾಣಗಂಗಾ ಬೇಡ, ಅವರ ಗಾಡಿ ತಿಲಕ್ ಟರ್ಮಿನಸ್ಸಿನಿಂದ ಮಧ್ಯಾಹ್ನ ಮೂರರ ನಂತರ ಹೊರಡುತ್ತದೆ. ಮಣಿ ಭವನದಿಂದಲೇ ಮಾಟುಂಗಾಕ್ಕೆ ಮರಳಿ.

ಊಟಕ್ಕೆ ಮಾಟುಂಗಾ ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮೊದಲ ಮಹಡಿ, ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಬಾಳೆಲೆಯ ಊಟ. ಭಾನುವಾರ ಒಂದು ಗಂಟೆಗೆ ಹೋದರೆ ಟೋಕನ್ ಹಿಡಿದು ಬಹಳ ಹೊತ್ತು ಕಾಯಬೇಕು, ಹನ್ನೊಂದೂವರೆಯೊಳಗೆ ಹೋದವರು ಬೇಗ ಕೂರುತ್ತಾರೆ. ತಡವಾದರೆ ಒಬ್ಬರು ಟೋಕನ್ ತೆಗೆದು ಕೂತಿರಲಿ, ಇನ್ನೊಬ್ಬರು ರೂಮು ಬಿಟ್ಟು ಬ್ಯಾಗು ತರಲಿ. ಎಲೆಯಲ್ಲಿ ಬೇಕಾದಷ್ಟು ಬಡಿಸುತ್ತಾರೆ, ಬಿಟ್ಟು ಏಳುವುದು ಅಲ್ಲಿಯವರಿಗೆ ಇಷ್ಟವಿಲ್ಲ. ಹಸಿವು ಕಡಿಮೆಯಿದ್ದರೆ ಮಿತ ಊಟದ ಪ್ಲೇಟೂ ಸಿಗುತ್ತದೆ. ಸೋಮವಾರ ರಜೆ.

ರಾತ್ರಿಯ ಗಾಡಿಯವರಿಗೆ ಇನ್ನೊಂದು ಸಂಜೆ ಉಳಿಯಿತು. ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡ್ ನೋಡುವ ಆಸೆ ಬಹಳ ಮಂದಿಗೆ ಇರುತ್ತದೆ, ಭಾನುವಾರ ಸಂಜೆ ಬೇಡ. ಹೋಗುವ ರಸ್ತೆಯೂ ಬರುವ ರಸ್ತೆಯೂ ಕಟ್ಟಿಕೊಂಡಿರುತ್ತದೆ, ರೈಲು ಇರುವವರಿಗೆ ಆ ಅಪಾಯ ಸಲ್ಲದು. ಅದರ ಬದಲು ಮಾಟುಂಗಾದಲ್ಲೇ ಇರಿ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಕಿಂಗ್ಸ್ ಸರ್ಕಲ್ ಬಳಿಯ ಭಾವು ದಾಜಿ ರಸ್ತೆಯಲ್ಲಿದೆ. ಹಳಿಯ ಆಚೆ, ಪಶ್ಚಿಮದಲ್ಲಿ, 1933ರ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ. ವಾರಾಂತ್ಯದಲ್ಲಿ ಇಲ್ಲಿ ನಾಟಕವೋ ಯಕ್ಷಗಾನವೋ ಉಪನ್ಯಾಸವೋ ನಡೆಯುತ್ತಿರುತ್ತದೆ. ಊರಿನಿಂದ ಬಂದವರು ಎಂದರೆ ಮುಂದಿನ ಸಾಲಿನಲ್ಲಿ ಕೂರಿಸಿ, ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಾರೆ. ಹೋಟೆಲಿನಲ್ಲಿ ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ತಲೆಮಾರಿನ ಹಿರಿಯರು ಇನ್ನೂ ಈ ಸಭೆಗಳಿಗೆ ಬರುತ್ತಾರೆ; ಅವರ ಪಕ್ಕ ಕೂತು ಎರಡು ಮಾತಾಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಮಂಗಳೂರಿನ ರಾತ್ರಿ ಗಾಡಿ ಸಿಎಸ್‌ಎಂಟಿಯಿಂದ ಹತ್ತರ ಆಸುಪಾಸಿಗೆ, ಹುಬ್ಬಳ್ಳಿಯದೂ ರಾತ್ರಿಯೇ. ಹೊರಡುವ ಸ್ಟೇಷನ್ ಒಮ್ಮೊಮ್ಮೆ ಬದಲಾಗುವುದುಂಟು, ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಎರಡೂ ಗಾಡಿ ಊರು ಮುಟ್ಟುವಾಗ ಸೋಮವಾರ ಅರ್ಧ ಕಳೆದಿರುತ್ತದೆ, ರಜೆ ಮೊದಲೇ ಬರೆದುಕೊಡಿ. ಬ್ಯಾಗನ್ನು ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಇಟ್ಟಿದ್ದರೆ ಗಾಡಿಗೆ ಒಂದು ಗಂಟೆ ಮೊದಲು ಬಿಡಿಸಿಕೊಳ್ಳಿ. ಬೀಗ ಹಾಕದ ಬ್ಯಾಗನ್ನು ಅವರು ತೆಗೆದುಕೊಳ್ಳುವುದಿಲ್ಲ, ಪ್ರಯಾಣದ ಟಿಕೆಟ್ಟೂ ತೋರಿಸಬೇಕು. ಮಾಟುಂಗಾ ಬಿಡುವ ಮುನ್ನ ಮಾರ್ಕೆಟ್ಟಿನ ಬಳಿ ರಾತ್ರಿ ಊಟಕ್ಕೆ ಇಡ್ಲಿ ಕಟ್ಟಿಸಿಕೊಳ್ಳಿ, ಚಟ್ನಿ ಬೇಡ, ಚಟ್ನಿಪುಡಿ ಕೇಳಿ. ತೆಂಗಿನಕಾಯಿ ಚಟ್ನಿ ಪನವೇಲ್ ದಾಟುವಷ್ಟರಲ್ಲಿ ಹುಳಿಯುತ್ತದೆ.